ಟೋಪಿಯ ಬೆನ್ನು ಹತ್ತಿದವರು

‘ಟೋಪಿ ಹಾಕುವುದು’ ಎಂದರೆ ಏನೆಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಹಳೆಯ ಸೈನಿಕ ಟೋಪಿಗಳನ್ನು ಸಂಗ್ರಹಿಸುವ ಹವ್ಯಾಸಿಗಳಿಗಂತೂ ಅದು ಅನುಭವದ ಮಾತು. ಅದರಲ್ಲೂ ವಸಾಹತುಗಳಲ್ಲಿದ್ದ ಸ್ಕಾಟಿಷ್ ಸ್ವಯಂಸೇವಕ ಪಡೆಗಳ ಟೋಪಿಗೆ ಮನಸೋತವರಿಗೆ!

ಸ್ಕಾಟ್ಲೆಂಡಿನವರು ಹೊಟ್ಟೆಪಾಡಿಗೆಂದು ಹೋದ ನಾಡುಗಳಲ್ಲಿ ತಮ್ಮದೇ ಪಡೆಗಳನ್ನು ಕಟ್ಟಿಕೊಂಡರು. ದಕ್ಷಿಣ ಆಫ್ರಿಕದಲ್ಲಿ 1885ರಲ್ಲಿ ಕೇಪ್‌ಟೌನ್ ಹೈಲ್ಯಾಂಡರ್ಸ್, 1902ರಲ್ಲಿ ಟ್ರಾನ್ಸ್‌ವಾಲ್ ಸ್ಕಾಟಿಷ್ ಹುಟ್ಟಿದವು. ಭಾರತದಲ್ಲಿ 1914ರಲ್ಲಿ ಕಲ್ಕತ್ತಾ ಸ್ಕಾಟಿಷ್ ಪಡೆ ತಲೆಯೆತ್ತಿತು. ಹಗಲೆಲ್ಲ ಸೆಣಬಿನ ವ್ಯವಹಾರ, ಕಚೇರಿಯ ಲೆಕ್ಕಪತ್ರ ನೋಡುತ್ತಿದ್ದವರು ಬಿಡುವಿನಲ್ಲಿ ಕಿಲ್ಟು ತೊಟ್ಟು ಕವಾಯತಿಗೆ ನಿಲ್ಲುತ್ತಿದ್ದರು.

ಇವರದು ಬರೀ ಶೋಕಿ ಎನ್ನುವಂತಿಲ್ಲ. 1943ರ ಮಾರ್ಚ್‌ನಲ್ಲಿ, ಪೋರ್ಚುಗೀಸರ ವಶದಲ್ಲಿದ್ದ ಗೋವಾದ ಮರ್ಮಗೋವಾ ಬಂದರಿನಲ್ಲಿ ನಿಂತಿದ್ದ ‘ಎಹ್ರೆನ್‌ಫೆಲ್ಸ್’ ಎಂಬ ಜರ್ಮನ್ ಹಡಗಿನ ಮೇಲೆ ರಾತ್ರೋರಾತ್ರಿ ದಾಳಿ ನಡೆಯಿತು. ಕಲ್ಕತ್ತಾ ಲೈಟ್ ಹಾರ್ಸ್‌ನ ನಡುವಯಸ್ಸಿನ ಸವಾರರ ಜೊತೆ ಕಲ್ಕತ್ತಾ ಸ್ಕಾಟಿಷ್‌ನ ಕೆಲವರೂ ಅದರಲ್ಲಿದ್ದರು. ಆ ಗುಟ್ಟು ಜನಕ್ಕೆ ತಿಳಿದದ್ದು 1978ರಲ್ಲಿ, ಜೇಮ್ಸ್ ಲೀಸರ್ ಅವರ ಪುಸ್ತಕದಿಂದ. ಅಷ್ಟರಲ್ಲಿ ಪಡೆಯೇ ಇರಲಿಲ್ಲ. 1947ರಲ್ಲೇ ಅದನ್ನು ವಿಸರ್ಜಿಸಲಾಗಿತ್ತು.

ಉಳಿದದ್ದು ಅಲ್ಲೊಂದು ಇಲ್ಲೊಂದು ಟೋಪಿ. ದೋಣಿಯಾಕಾರದ ಉಣ್ಣೆಯ ಗ್ಲೆನ್‌ಗ್ಯಾರಿ. ನೆತ್ತಿಯಲ್ಲೊಂದು ಕುಚ್ಚು, ಹಿಂದೆ ಇಳಿಬಿದ್ದ ಎರಡು ಪಟ್ಟಿ, ಎಡಬದಿಗೆ ಲೋಹದ ಬಿಲ್ಲೆ. ಪಡೆ ಚಿಕ್ಕದು, ಹಾಗಾಗಿ ಟೋಪಿಗಳೂ ಕಡಿಮೆ. ಅವುಗಳಲ್ಲಿ ಎಷ್ಟೋ ನುಸಿಯ ಪಾಲು, ಮತ್ತೆಷ್ಟೋ ಗುಜರಿಯ ಪಾಲು.

ನುಸಿಗಿಂತ ದೊಡ್ಡ ಶತ್ರು ಬಿಲ್ಲೆಯ ಆಸೆ. ಬಿಲ್ಲೆಯನ್ನು ಜೇಬಿಗೆ ಹಾಕಿಕೊಳ್ಳಬಹುದು, ಸುಲಭವಾಗಿ ಮಾರಬಹುದು. ಹೀಗೆಂದು ಅದನ್ನು ಕಿತ್ತು ಟೋಪಿಯನ್ನು ಎಸೆಯುವವರಿದ್ದಾರೆ. ಬಿಲ್ಲೆ ಕಳಚಿದ ಗ್ಲೆನ್‌ಗ್ಯಾರಿ ಯಾವ ಪಡೆಯದೆಂದು ಹೇಳುವುದು ಬಲು ಕಷ್ಟ. ಟೋಪಿ ತಪ್ಪಿದ ಬಿಲ್ಲೆಯಾದರೋ ನಕಲಿಗಳ ಸಂತೆಯಲ್ಲಿ ಮತ್ತೊಂದು ಬಿಲ್ಲೆ, ಅಷ್ಟೆ. ಯಾವುದೋ ಹಳೆಯ ಟೋಪಿಗೆ ಹೊಸ ಬಿಲ್ಲೆ ಸಿಕ್ಕಿಸಿ ‘ಅಪರೂಪದ ವಸ್ತು’ ಎಂದು ಮಾರುವ ಜಾಣರಿಗೆ ದಾರಿಯಾಗುವುದೂ ಇಲ್ಲಿಯೇ.

ಪಳಗಿದ ಸಂಗ್ರಾಹಕ ಮೊದಲು ಟೋಪಿಯನ್ನು ಮಗುಚಿ ನೋಡುತ್ತಾನೆ. ಅಸ್ತರಿನ ಸವೆತ, ಬೆವರಿನ ಕಲೆ, ಹೊಲಿಗೆ, ತಯಾರಕರ ಚೀಟಿ, ಶಾಯಿಯಲ್ಲಿ ಬರೆದ ಹೆಸರು ಇದ್ದರೆ ಅದು. ಬಿಲ್ಲೆ ಕೂತ ಕಡೆ ಬಟ್ಟೆಯ ಬಣ್ಣ ಗಾಢವಾಗಿ ಉಳಿದಿದೆಯೇ? ತೂತುಗಳಿಗೂ ಬಿಲ್ಲೆಯ ಹಿಂದಿನ ಕೊಂಡಿಗೂ ಹೊಂದಿಕೆ ಇದೆಯೇ? ಎರಕ ಹೊಯ್ದ ನಕಲಿನಲ್ಲಿ ಗೆರೆಗಳು ಮಂಕಾಗಿರುವುದುಂಟು. ಅಚ್ಚೊತ್ತಿದ ಅಸಲಿಯಲ್ಲಿ ಚುರುಕಾಗಿರುತ್ತವೆ.

ಅಜ್ಜನ ಪೆಟ್ಟಿಗೆಯಲ್ಲಿ ಇಂಥದ್ದೊಂದು ಸಿಕ್ಕಿದರೆ ತಿಕ್ಕಿ ತೊಳೆದು ಹೊಳಪು ಕೊಡಲು ಹೋಗಬಾರದು. ಬಿಲ್ಲೆಯನ್ನು ಕೀಳಲೇಬಾರದು. ಯಾರದು, ಎಲ್ಲಿಂದ ಬಂತು ಎಂದು ಒಂದು ಚೀಟಿ ಬರೆದು ಜೊತೆಗಿಟ್ಟರೆ ಸಾಕು. ಮುಂದೆ ಅದನ್ನು ಕೈಗೆತ್ತಿಕೊಳ್ಳುವವರಿಗೆ ಯಾರೂ ಟೋಪಿ ಹಾಕಲಾರರು.