ಊರ ಸುದ್ದಿಗೆ ಮೊದಲ ಪುಟ
ಈ ವಾರ ನಮ್ಮೂರ ದಿನಸಿ ಅಂಗಡಿಯಲ್ಲಿ ಯುವಕ ಮಂಡಲದ ಹೊಸ ವಾರ್ತಾಪತ್ರ ಕೈಗೆ ಸಿಕ್ಕಿತು: ಎ3 ಹಾಳೆಯೊಂದನ್ನು ನಡುವೆ ಮಡಚಿದ ನಾಲ್ಕು ಪುಟ, ಜೆರಾಕ್ಸ್ ಪ್ರತಿ. ಮೊದಲ ಪುಟದ ತುಂಬ ಶುಭಾಶಯಗಳು, ಗಣ್ಯರ ಫೋಟೊಗಳು. ಕಾಲುಸಂಕದ ರಿಪೇರಿಗೆ ಯಾರೆಲ್ಲ ಶ್ರಮದಾನ ಮಾಡಿದರು, ಸಿಮೆಂಟು ಮರಳಿಗೆ ಎಷ್ಟು ಖರ್ಚಾಯಿತು ಎಂಬುದು ಕೊನೆಯ ಪುಟದ ತಳದಲ್ಲಿ, ಸಣ್ಣ ಅಕ್ಷರದಲ್ಲಿ. ಅಂಗಡಿಗೆ ಬಂದವರು ಬೆರಳಿಟ್ಟು ಓದುತ್ತಿದ್ದುದು ಅದನ್ನೇ. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಹೊರತಂದ ‘ಮಂಗಳೂರ ಸಮಾಚಾರ’, ಕನ್ನಡದ ಮೊದಲ ಪತ್ರಿಕೆ, ಅದೂ ನಾಲ್ಕೇ ಪುಟದ್ದು, ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದದ್ದು. ಅಷ್ಟು ಇಕ್ಕಟ್ಟಿನಲ್ಲೂ ಊರಿನ ವರ್ತಮಾನಕ್ಕೆ ತನ್ನದೇ ಜಾಗವಿತ್ತು. ಪುಟ ಕಡಿಮೆಯಿದ್ದಷ್ಟೂ ಆಯ್ಕೆ ಬಿಗಿಯಾಗಬೇಕು. ಶುಭಾಶಯಕ್ಕೆ, ಫೋಟೊಗೆ ವಾಟ್ಸ್‌ಆ್ಯಪ್ ಸಾಕು, ಸಂಜೆಯೊಳಗೆ ಅವು ಮೇಲೆ ಸರಿದು ಹೋದರೂ ನಷ್ಟವಿಲ್ಲ. ಕಾಗದದ ಮೇಲೆ ಬರಬೇಕಾದದ್ದು ಆರು ತಿಂಗಳ ಮೇಲೂ ಯಾರಾದರೂ ಕೇಳಬಹುದಾದ ಸಂಗತಿ: ಚಂದಾ ಎಷ್ಟು ಬಂತು, ಯಾವುದಕ್ಕೆ ಹೋಯಿತು, ಕಬಡ್ಡಿಯಲ್ಲಿ ಗೆದ್ದ ಹುಡುಗಿಯರು ಯಾರು ಯಾರು. ಆ ಹೆಸರುಗಳನ್ನು ಅವರವರ ಮನೆಯಲ್ಲೇ ಕೇಳಿ ಬರೆದುಕೊಳ್ಳಬೇಕು. ಅಚ್ಚಿನಲ್ಲಿ ತಪ್ಪಿದ ಹೆಸರು ಮನೆಮಂದಿಯನ್ನೆಲ್ಲ ನೋಯಿಸುತ್ತದೆ. ಸಂಪಾದಕತ್ವವೂ ಪದಾಧಿಕಾರಿಗಳ ಕೈಯಲ್ಲಿರದಿದ್ದರೆ ಒಳ್ಳೆಯದು, ಲೆಕ್ಕ ಕೊಡುವವರೇ ಲೆಕ್ಕ ಕೇಳಲಾಗದು. ಹುಡುಗರೇ, ಈ ಕೆಲಸ ನಿಲ್ಲಿಸಬೇಡಿ. ಪ್ರತಿ ಸಂಚಿಕೆಯ ಒಂದು ಪ್ರತಿಯನ್ನು ಪಂಚಾಯಿತಿ ಗ್ರಂಥಾಲಯಕ್ಕೆ ಕೊಡಿ, ತಾರೀಖಿನ ಪ್ರಕಾರ ಹೊಲಿದಿಡಲು ಹೇಳಿ.