ಏಜೆಂಟನಿಗೆ ಬರೆದುಕೊಡುವ ಮಾತು

ಕಳೆದ ತಿಂಗಳು ಅಡಿಕೆ ಕೃಷಿಕರೊಬ್ಬರು ನನ್ನ ಕಚೇರಿಗೆ ಬಂದಿದ್ದರು. ತೋಟದ ವ್ಯವಹಾರ ನೋಡಿಕೊಳ್ಳಲು ತಮ್ಮನ ಹೆಸರಿಗೆ ಅಧಿಕಾರಪತ್ರ, ಅಂದರೆ ಜನರ ಬಾಯಲ್ಲಿರುವ ಪವರ್ ಆಫ್ ಅಟಾರ್ನಿ, ಬರೆಸಬೇಕಾಗಿತ್ತು. ಕೆಲಸ ಮುಗಿದ ಮೇಲೆ ಮಾತು ಮಕ್ಕಳ ಕಡೆಗೆ ತಿರುಗಿತು. ಅವರ ಹಿರಿಯ ಮಗಳು ಇಲ್ಲಿಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಓದಿ, ಮುಂದೆ ಇಂಜಿನಿಯರಿಂಗ್ ಮುಗಿಸಿ, ಈಗ ಬೆಂಗಳೂರಿನಲ್ಲಿ ಸರ್ವರ್‌ಗಳನ್ನು ನೋಡಿಕೊಳ್ಳುವ ಉದ್ಯೋಗದಲ್ಲಿದ್ದಾಳೆ.

"ಕಂಪ್ಯೂಟರ್ ಕಲಿತವಳು ಮಾರಾಯ್ರೆ. ಈಗ ಕೇಳಿದರೆ ದಿನವಿಡೀ ವಾಕ್ಯ ಬರೆದು ತಿದ್ದುವುದೇ ಕೆಲಸ ಅಂತಾಳೆ. ಚಿಕ್ಕವನನ್ನಾದರೂ ಇಂಗ್ಲಿಷ್ ಮಾಧ್ಯಮಕ್ಕೆ ಹಾಕುವುದೋ ಏನೋ ವಕೀಲರೇ" ಎಂದು ಅವರು ಸಂದೇಹಪಟ್ಟರು. ಆ ಸಂದೇಹಕ್ಕೆ ಉತ್ತರ ಅವರ ಕೈಯಲ್ಲಿದ್ದ ಪತ್ರದಲ್ಲಿಯೇ ಇತ್ತು.

ದೊಡ್ಡ ಸಂಸ್ಥೆಗಳ ಗಣಕ ಸೇವೆ ಒಂದೇ ಯಂತ್ರದಿಂದ ನಡೆಯುವುದಿಲ್ಲ. ಅನೇಕ ಸರ್ವರ್‌ಗಳು ಕ್ಲಸ್ಟರ್ ಎಂಬ ಸಮೂಹವಾಗಿ ಕೆಲಸವನ್ನು ಹಂಚಿಕೊಳ್ಳುತ್ತವೆ. ಯಾವುದರ ಮೇಲೆ ಹೊರೆ ಹೆಚ್ಚಿದೆ, ಯಾವುದು ಕೆಟ್ಟು ನಿಂತಿದೆ ಎಂದು ಹಗಲಿರುಳು ಕಾಯುವ ಕೆಲಸಕ್ಕೆ ಈಗ ಕೃತಕ ಬುದ್ಧಿಮತ್ತೆಯ ಏಜೆಂಟ್‌ಗಳೂ ನಿಯುಕ್ತವಾಗುತ್ತಿವೆ. ಈ ಏಜೆಂಟ್ ತಾನಾಗಿ ಸರ್ವರನ್ನು ಕಾಣದು. ಅದರ ಮುಂದಿರುವುದು ಟೂಲ್‌ಗಳ ಒಂದು ಪಟ್ಟಿ. ಪ್ರತಿಯೊಂದು ಟೂಲಿಗೂ ಒಂದು ಹೆಸರು, ಕೆಲವು ಸಾಲುಗಳ ವಿವರಣೆ, ಅದಕ್ಕೆ ಒದಗಿಸಬೇಕಾದ ಮಾಹಿತಿಯ ನಮೂನೆ. 2024ರ ನವೆಂಬರಿನಲ್ಲಿ ಆಂಥ್ರೋಪಿಕ್ ಸಂಸ್ಥೆ ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್‌ನಲ್ಲಿಯೂ ಇದೇ ಕ್ರಮವಿದೆ. ಟೂಲಿನ ಒಳಗಿನ ಪ್ರೋಗ್ರಾಮ್ ಎಷ್ಟೇ ಸಮರ್ಪಕವಾಗಿರಲಿ, ಯಾವುದನ್ನು ಯಾವಾಗ ಬಳಸಬೇಕೆಂದು ಏಜೆಂಟ್ ತೀರ್ಮಾನಿಸುವುದು ಈ ಬರವಣಿಗೆಯನ್ನು ಓದಿ.

"ಸರ್ವರಿನ ಸ್ಥಿತಿಯನ್ನು ತಿಳಿಸುತ್ತದೆ" ಎಂದಷ್ಟೇ ಬರೆದರೆ ಅದು ವಿವರಣೆಯಾಗದು. ಯಾವ ಸರ್ವರ್, ಎಷ್ಟು ಹೊತ್ತಿನ ಲೆಕ್ಕ, ಯಾವ ಮಾನದಲ್ಲಿ? ಸಮಯವು ಭಾರತದ್ದೋ, ಯುಟಿಸಿಯೋ? ಯುಟಿಸಿಯ ರಾತ್ರಿ 2 ಗಂಟೆ ನಮಗೆ ಬೆಳಗಿನ ಏಳೂವರೆ. ಎಲ್ಲಕ್ಕಿಂತ ಮುಖ್ಯವಾಗಿ, ಟೂಲ್ ಏನನ್ನೂ ಹಿಂದಿರುಗಿಸದಿದ್ದರೆ ಅದರ ಅರ್ಥವೇನು? ಸರ್ವರ್ ಸುಮ್ಮನಿದೆಯೆಂದೋ, ಅಳತೆಯೇ ಬಂದಿಲ್ಲವೆಂದೋ? ಇದನ್ನು ಬರೆಯದೆ ಬಿಟ್ಟರೆ, ಸತ್ತು ಬಿದ್ದ ಸರ್ವರನ್ನು ಏಜೆಂಟ್ "ಹೊರೆಯಿಲ್ಲದೆ ಆರಾಮವಾಗಿದೆ" ಎಂದು ವರದಿ ಮಾಡೀತು.

ಇನ್ನು ಹೋಲುವ ಕೆಲಸಗಳ ತೊಡಕು. ಕ್ಲಸ್ಟರ್ ನಿರ್ವಹಣೆಗೆ ವ್ಯಾಪಕವಾಗಿ ಬಳಕೆಯಲ್ಲಿರುವ ಕುಬರ್ನೆಟಿಸ್‌ನಲ್ಲಿ ಕಾರ್ಡನ್ ಮತ್ತು ಡ್ರೇನ್ ಎಂಬ ಎರಡು ಆಜ್ಞೆಗಳಿವೆ. ಮೊದಲನೆಯದು ಬಸ್ಸಿಗೆ ಇನ್ನು ಯಾರನ್ನೂ ಹತ್ತಿಸಬೇಡಿ ಎಂದಂತೆ. ಎರಡನೆಯದು ಒಳಗಿರುವವರನ್ನೂ ಇಳಿಸಿ ಬೇರೆ ಬಸ್ಸು ಹಿಡಿಯಲು ಕಳುಹಿಸಿದಂತೆ. ಎರಡಕ್ಕೂ "ಸರ್ವರನ್ನು ದುರಸ್ತಿಗೆ ಸಿದ್ಧಗೊಳಿಸುತ್ತದೆ" ಎಂದೇ ಬರೆದರೆ ಆಯ್ಕೆ ಅದೃಷ್ಟದ ಪಾಲಾಗುತ್ತದೆ.

ಮನುಷ್ಯನ ಕೈಯಲ್ಲಿಯೂ ಟೂಲ್ ಅಪಾಯಕಾರಿಯೇ. 2017ರ ಫೆಬ್ರವರಿ 28ರಂದು ಅಮೆರಿಕದ ಉತ್ತರ ವರ್ಜೀನಿಯಾದಲ್ಲಿ ಅಮೆಜಾನ್‌ನ ಎಸ್3 ಸಂಗ್ರಹಸೇವೆ ನಾಲ್ಕು ಗಂಟೆಗೂ ಮಿಕ್ಕಿ ಅಸ್ತವ್ಯಸ್ತವಾಯಿತು. ಕೆಲವೇ ಸರ್ವರ್‌ಗಳನ್ನು ತೆಗೆಯಬೇಕಾಗಿದ್ದ ಆಜ್ಞೆಯಲ್ಲಿ ಒಂದು ಮಾಹಿತಿ ತಪ್ಪಾಗಿ ನಮೂದಾಗಿ, ಉದ್ದೇಶಿಸಿದ್ದಕ್ಕಿಂತ ಹೆಚ್ಚು ಸರ್ವರ್‌ಗಳು ಹೊರಬಿದ್ದವೆಂದು ಆ ಸಂಸ್ಥೆಯೇ ವಿವರಿಸಿತು. ಬಳಿಕ, ಸರ್ವರ್‌ಗಳನ್ನು ನಿಧಾನವಾಗಿ ಮಾತ್ರ ತೆಗೆಯುವಂತೆಯೂ, ಕನಿಷ್ಠ ಮಟ್ಟಕ್ಕಿಂತ ಕೆಳಗೆ ಇಳಿಸದಂತೆಯೂ ಆ ಟೂಲನ್ನೇ ತಿದ್ದಿತು.

ವಕೀಲನಾದ ನನಗೆ ಇದರಲ್ಲಿ ಹೊಸತೇನೂ ಕಾಣುವುದಿಲ್ಲ. 1872ರ ಭಾರತೀಯ ಕರಾರು ಅಧಿನಿಯಮದ 182ನೆಯ ಕಲಮು ಏಜೆಂಟ್ ಎಂದರೆ ಯಾರೆಂದು ಹೇಳುತ್ತದೆ. ಅವನ ಕೃತ್ಯದಿಂದ ಉಂಟಾಗುವ ಹೊಣೆ ನೇಮಿಸಿದವನೇ ಮಾಡಿದಂತೆ ಜಾರಿಯಾಗುವುದೆಂದು 226ನೆಯ ಕಲಮು ಹೇಳುತ್ತದೆ. ಆದಕಾರಣವೇ ಆ ಕೃಷಿಕರ ಪತ್ರದಲ್ಲಿ "ತೋಟದ ಎಲ್ಲ ವ್ಯವಹಾರ" ಎಂದು ನಾನು ಬರೆಯಲಿಲ್ಲ. ಫಸಲು ಮಾರಬಹುದು, ಕೂಲಿ ಪಾವತಿಸಬಹುದು, ಕರ ಕಟ್ಟಬಹುದು. ಭೂಮಿಯನ್ನು ಮಾರುವ, ಅಡವಿಡುವ ಅಧಿಕಾರವಿಲ್ಲ ಎಂದು ಬಿಡಿಸಿ ಬರೆದೆ. ಕಾಯಿದೆಯ ಏಜೆಂಟ್ ಒಬ್ಬ ವ್ಯಕ್ತಿ. ಅವನನ್ನು ಪಾಟೀಸವಾಲಿಗೆ ಕರೆಯಬಹುದು. ಯಂತ್ರದ ಏಜೆಂಟನ್ನು ಕಟಕಟೆಯಲ್ಲಿ ನಿಲ್ಲಿಸಲಾಗದು. ಬರೆದುಕೊಟ್ಟವನೇ ಎಚ್ಚರ ವಹಿಸಬೇಕು.

ಒಂದು ಮಾತನ್ನು ಮರೆಯಬಾರದು: ವಿವರಣೆ ಬೀಗವಲ್ಲ. "ಅಳಿಸಬೇಡ" ಎಂದು ಬರೆದರಷ್ಟೇ ಸಾಲದು. ನೋಡುವುದಷ್ಟೇ ಕೆಲಸವಾದ ಏಜೆಂಟಿಗೆ ಅಳಿಸುವ ಅನುಮತಿಯನ್ನೇ ಕೊಡಬಾರದು. ಅಧಿಕಾರಪತ್ರ ಬರೆದುಕೊಟ್ಟ ಮೇಲೂ ಭೂಮಿಯ ಮೂಲಪತ್ರಗಳನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿಕೊಳ್ಳುವಂತೆ ಆ ಕೃಷಿಕರಿಗೂ ಹೇಳಿದೆ.

ಅವರ ಮಗಳು ಆ ವಿವರಣೆಗಳನ್ನು ಬರೆಯುವುದು ಇಂಗ್ಲಿಷಿನಲ್ಲಿ, ನಿಜ. ನಮ್ಮ ಮಕ್ಕಳು ಇಂಗ್ಲಿಷನ್ನು ಚೆನ್ನಾಗಿ ಕಲಿಯಲೇಬೇಕು. ಆದರೆ ಓದುವವನಿಗೆ ಏನು ತಿಳಿದಿಲ್ಲವೆಂದು ಊಹಿಸಿ ಬರೆಯುವ ಅಭ್ಯಾಸ ಮೊಳೆಯುವುದು ಮಗು ಯೋಚಿಸುವ ಭಾಷೆಯಲ್ಲಿ. ಅರ್ಥವಾಗದ ಅರ್ಜಿ ನಮೂನೆಯ ಮುಂದೆ ಪೆನ್ನು ಹಿಡಿದು ಕಕ್ಕಾಬಿಕ್ಕಿಯಾದ ಅನುಭವ ಗಡಿನಾಡಿನ ನಮ್ಮ ಮನೆಗಳಿಗೆ ಹೊಸದಲ್ಲ. ಸ್ಪಷ್ಟ ಬರವಣಿಗೆಯ ಬೆಲೆ ನಮಗೆ ಗೊತ್ತಿದೆ.

ಈ ಭಾನುವಾರ ಒಂದು ಪ್ರಯೋಗ ಮಾಡಿ ನೋಡಿ. ಮನೆಯ ನೀರಿನ ಪಂಪನ್ನು ಚಾಲು ಮಾಡುವ, ನಿಲ್ಲಿಸುವ ಕ್ರಮವನ್ನು ಹತ್ತು ಸಾಲುಗಳಲ್ಲಿ ಕನ್ನಡದಲ್ಲಿ ಬರೆಯಲು ಮಕ್ಕಳಿಗೆ ಹೇಳಿ. ನೀರು ಬಾರದಿದ್ದರೆ ಏನು ಮಾಡಬೇಕು, ಯಾವುದನ್ನು ಮುಟ್ಟಬಾರದು ಎಂಬುದೂ ಇರಲಿ. ಅದನ್ನು ಮನೆಗೆ ಬಂದ ನೆಂಟರ ಕೈಗೆ ಕೊಡಿ. ಅವರು ಕೇಳುವ ಒಂದೊಂದು ಪ್ರಶ್ನೆಯೂ ಬರೆಯದೆ ಉಳಿದ ಒಂದೊಂದು ಸಾಲು.

ಚಿಕ್ಕವನನ್ನು ಯಾವ ಶಾಲೆಗೆ ಸೇರಿಸಬೇಕೆಂಬುದು ಆ ಕೃಷಿಕರ ತೀರ್ಮಾನಕ್ಕೆ ಬಿಟ್ಟದ್ದು. ಆದರೆ ಮಗಳು ವಾಕ್ಯ ತಿದ್ದುತ್ತಿದ್ದಾಳೆಂಬುದು ಅದಕ್ಕೆ ಕಾರಣವಾಗಬಾರದೆಂದು ಹೇಳಿ ಕಳುಹಿಸಿದೆ.