ಮೊದಲು ಮನಸ್ಸು, ಆಮೇಲೆ ಮಸ್ಲಾ

“ವರದಕ್ಷಿಣೆ ನಮ್ಮ ದೀನಿನಲ್ಲಿ ಇಲ್ಲ, ಅದು ಬರೀ ರಿವಾಜು.” ಓದು ಬಲ್ಲ ಮುಸ್ಲಿಂ ಹುಡುಗ ಹುಡುಗಿಯರ ಬಾಯಲ್ಲಿ ಈಗ ಸಲೀಸಾಗಿ ಬರುವ ಮಾತು ಇದು. ಧರ್ಮ ಒಂದು ಕಡೆ, ಸಂಸ್ಕೃತಿ ಇನ್ನೊಂದು ಕಡೆ; ಕೆಟ್ಟದ್ದೆಲ್ಲ ಎರಡನೆಯದರ ತಲೆಗೆ. ವಾದಕ್ಕೇನೋ ಅನುಕೂಲವೇ. ಸರಿ ತಪ್ಪಿನ ತೀರ್ಮಾನ ನಿಜಕ್ಕೂ ಹೀಗೆ ಮಸ್ಲಾದಿಂದ, ಅಂದರೆ ಧರ್ಮಶಾಸ್ತ್ರದ ವಿಧಿಯಿಂದ, ಹುಟ್ಟುತ್ತದೆಯೇ?

ಕರಾವಳಿಯ ಒಂದು ನಿಕಾಹ್ ನೋಡಿ. ಗಂಡು ಹೆಣ್ಣಿಗೆ ಕೊಡುವ ಮಹರ್ ಎಷ್ಟೆಂದು ಎಲ್ಲರೆದುರು ಗಟ್ಟಿಯಾಗಿ ಹೇಳುತ್ತಾರೆ, ಜಮಾಅತಿನ ರಿಜಿಸ್ಟರಿನಲ್ಲಿ ಬರೆಯುತ್ತಾರೆ, ಸಾಕ್ಷಿಗಳು ಸಹಿ ಹಾಕುತ್ತಾರೆ. ಹೆಣ್ಣಿನ ಮನೆಯಿಂದ ಹೋಗುವ ಚಿನ್ನ, ಕಾರು, ನಗದಿನ ಮಾತುಕತೆ ಇದ್ದರೆ ಅದು ಒಳಕೋಣೆಯಲ್ಲಿ ಮೊದಲೇ ಮುಗಿದಿರುತ್ತದೆ, ಅದಕ್ಕೆ ರಿಜಿಸ್ಟರಿಲ್ಲ. ಮಹರನ್ನು ಮನಸಾರೆ ಕೊಡಬೇಕೆಂದು ಕುರ್‌ಆನಿನ ‘ಅನ್ನಿಸಾ’ ಅಧ್ಯಾಯದ 4ನೇ ವಚನ ಹೇಳುವುದು ಹಿಂದಿನ ತಲೆಮಾರಿಗೂ ಗೊತ್ತಿತ್ತು. ಗೊತ್ತಿದ್ದೂ ಎಷ್ಟೋ ಮಂದಿ ಕೈಚಾಚಿದರು. ಅಪ್ಪ ಗಲ್ಫಿನಲ್ಲಿ ದುಡಿದದ್ದೆಲ್ಲ ಅಕ್ಕನ ಮದುವೆಗೆ ಕರಗಿದ್ದನ್ನು ಕಂಡ ಹುಡುಗಿಗೆ ಇದು ಅನ್ಯಾಯ ಅಂತ ಮೊದಲೇ ಅನ್ನಿಸಿರುತ್ತದೆ. ವಚನ ಆಮೇಲೆ ನೆರವಿಗೆ ಬರುತ್ತದೆ. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ನಾದಿರಾ, ಬಿಟ್ಟ ಗಂಡನನ್ನು ಮತ್ತೆ ಸೇರಲು ಇನ್ನೊಬ್ಬನ ಹೆಂಡತಿಯಾಗಿ ಒಂದು ರಾತ್ರಿ ಕಳೆಯಬೇಕೆಂದಾಗ ನಡುಗಿದ್ದು ಯಾವ ಗ್ರಂಥ ತಿರುವಿ ಹಾಕಿ?

ಮನಸ್ಸೇ ಮೊದಲು ತೀರ್ಮಾನಿಸುತ್ತದೆ ಎನ್ನುವುದು ಇಂಗ್ಲಿಷ್ ಓದಿನಿಂದ ಬಂದ ಹೊಸ ಗಾಳಿಯೇನಲ್ಲ. ಒಳಿತು ಕೆಡುಕು ಬುದ್ಧಿಗೆ ತಾನಾಗಿಯೇ ತಿಳಿಯುತ್ತದೆಂದು ಬಸ್ರಾದ ಮುಅ್ತಝಿಲಾ ಪಂಥದವರು ಸುಮಾರು 1,200 ವರ್ಷಗಳ ಹಿಂದೆಯೇ ವಾದಿಸಿದ್ದರು. ಅದೇ ಪಂಥದಲ್ಲಿ ಪಳಗಿದ ಅಬುಲ್ ಹಸನ್ ಅಶ್‌ಅರಿ 10ನೇ ಶತಮಾನದ ಆರಂಭದಲ್ಲಿ ಹೊರಬಂದು, ದೇವರು ಆಜ್ಞಾಪಿಸಿದ್ದೇ ಒಳಿತು ಎಂದರು. ಸಮರ್ಖಂದದ ಮಾತುರೀದಿ ನಡುದಾರಿ ಹಿಡಿದರು. ವಿದ್ವಾಂಸರ ಜಗಳದಲ್ಲಿ ಮುಅ್ತಝಿಲಾ ಸೋತಿತು. ಮನೆಗಳೊಳಗೆ, ನನಗನ್ನಿಸುವಂತೆ, ಸೋತೇ ಇಲ್ಲ.

ಇನ್ನು ಆ ‘ದೀನ್’ ಕೂಡ ಒಂದೇ ಅಚ್ಚಿನದಲ್ಲ. ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿ ಮದ್ಹಬಿನವರು, ಅಂದರೆ ಆ ಶಾಸ್ತ್ರಪಂಥದವರು. ಘಟ್ಟದ ಮೇಲಿನ ಉರ್ದು ಮಾತಿನವರು ಬಹುಪಾಲು ಹನಫಿ. ಪ್ರಾಯಕ್ಕೆ ಬಂದ ಹೆಣ್ಣು ವಲಿಯಿಲ್ಲದೆ, ಅಂದರೆ ಪೋಷಕನಿಲ್ಲದೆ, ತಾನೇ ನಿಕಾಹ್ ಮಾಡಿಕೊಳ್ಳಬಹುದೆನ್ನುತ್ತದೆ ಹನಫಿ ಮದ್ಹಬ್, ಶಾಫಿ ಒಪ್ಪುವುದಿಲ್ಲ. ಹಾಗಂತ ಕಲಬುರಗಿಯ ಹುಡುಗಿ ಮಂಗಳೂರಿನವಳಿಗಿಂತ ಸ್ವತಂತ್ರಳೇ? ಅವಳ ಅಪ್ಪ ಎಂಥವನು, ಕೈಯಲ್ಲಿ ಕೆಲಸ ಇದೆಯೇ ಎಂದು ಕೇಳದೆ ಉತ್ತರಿಸುವಂತಿಲ್ಲ. ಗ್ರಂಥ ಕೊಟ್ಟ ಸಲಿಗೆಯನ್ನು ರಿವಾಜು ಎಷ್ಟೋ ಕಾಲ ಬೀಗ ಹಾಕಿ ಇಡಬಲ್ಲದು.

ಹಾಗೆಂದು ದೀನು, ರಿವಾಜು ಎಂಬ ವಿಂಗಡಣೆ ವ್ಯರ್ಥವಲ್ಲ. ಹಿರಿಯರೆದುರು “ಇದು ಅನ್ಯಾಯ” ಅಂದರೆ ಅದು ಎದುರುತ್ತರ. “ಇದು ಹರಾಂ” ಅಂದರೆ ಅವರೂ ಒಂದು ಗಳಿಗೆ ತಡೆದು ಯೋಚಿಸುತ್ತಾರೆ. ತಕರಾರಿರುವುದು ಬೇಕೆಂದಾಗಷ್ಟೇ ಅದನ್ನು ಹೊರತೆಗೆಯುವುದರ ಬಗ್ಗೆ. ವರದಕ್ಷಿಣೆ ಬೇಡವೆಂದ ಹುಡುಗನೇ ನಾಳೆ ತಂಗಿ ಪಾಲು ಕೇಳಿದರೆ “ಮದುವೆಗೆ ಕೊಟ್ಟಾಗಿದೆಯಲ್ಲ” ಅಂದಾನು. ಮಗನ ಅರ್ಧದಷ್ಟು ಮಗಳಿಗೆ ಎನ್ನುವುದೂ ಅದೇ ಅನ್ನಿಸಾ, 11ನೇ ವಚನ. ಏಳು ವಚನ ಮುಂದೆ ಓದುವಷ್ಟು ಪುರುಸೊತ್ತಿರುವುದಿಲ್ಲ.

ಅರ್ಧವೇ ಯಾಕೆ, ಸಮಪಾಲು ಯಾಕಿಲ್ಲ ಎಂದು ಕೇಳುವವಳ ಕಷ್ಟ ಇನ್ನೂ ದೊಡ್ಡದು. ಅಲ್ಲಿ ದೂರಲು ರಿವಾಜಿಲ್ಲ, ಎದುರಿಗಿರುವುದು ವಚನವೇ. ಕೆಲವರು ಅದಕ್ಕೆ ಹೊಸ ವ್ಯಾಖ್ಯಾನ ಹುಡುಕುತ್ತಾರೆ, ಕೆಲವರು ಬೇರೆ ಕಾಯ್ದೆಯ ಮೊರೆ ಹೋಗುತ್ತಾರೆ. ಕಾಸರಗೋಡು ಜಿಲ್ಲೆಯ ವಕೀಲ, ನಟ ಸಿ. ಶುಕ್ಕೂರ್, ಮುಸ್ಲಿಂ ಉತ್ತರಾಧಿಕಾರ ನಿಯಮದ ಬದಲು ಬೇರೆ ಕಾಯ್ದೆ ಅನ್ವಯವಾಗಿ ತಮ್ಮ ಮೂವರು ಹೆಣ್ಣುಮಕ್ಕಳಿಗೇ ಪೂರ್ತಿ ಆಸ್ತಿ ಸಿಗಲೆಂದು 2023ರ ಮಾರ್ಚ್ 8ರಂದು ಸ್ವಂತ ಹೆಂಡತಿಯನ್ನೇ ವಿಶೇಷ ವಿವಾಹ ಕಾಯ್ದೆಯಡಿ ಮತ್ತೊಮ್ಮೆ ಮದುವೆಯಾದರು.